ಗಂಟಲಿನ ಕೆಲಸ

ಲಿಯೇಜ್ ಆಸ್ಪತ್ರೆಯ ಮೂರನೇ ಮಹಡಿ, ಬೆಳಗಿನ ಏಳೂವರೆ.
ಕೈಗಿಂತ ಮೊದಲು ನಾನು ತೊಳೆಯುವುದು ದನಿಯನ್ನು:
ಎರಡು ಗುಟುಕು ಬಿಸಿನೀರು,
ಆಮೇಲೆ ಯಾರೊಡನೆಯೂ ಮಾತಿಲ್ಲ.
ಅರಿವಳಿಕೆಯವಳು ನಾನು.
ಇವತ್ತು ನನ್ನ ಸೂಜಿಗೆ ಅರ್ಧ ರಜೆ.

ಗಿಸ್ಲೆನ್ ತೋನಾರ್, ಅರವತ್ಮೂರು.
ಗಂಟಲಲ್ಲಿ ನೆಲ್ಲಿಕಾಯಿಯಷ್ಟು ಗಡ್ಡೆ.
ಹೋದ ವಾರವೇ ಹೇಳಿದ್ದಳು:
"ಪೂರ್ತಿ ಮಲಗಿಸಬೇಡಿ ಡಾಕ್ಟರ್,
ಹಾಗೆ ಮಲಗಿದ ನನ್ನಮ್ಮ ಏಳಲಿಲ್ಲ."
ಹಾಗಾದರೆ ಎಲ್ಲಿಗೆ ಹೋಗೋಣ? ಕೇಳಿದೆ.
ಎಲ್ಲರೂ ಬಯಸುವುದು ಕಡಲು, ಇಲ್ಲವೇ ಹಿಮದ ಬೆಟ್ಟ.
ಇವಳಿಗೆ ಬೇಕಾದದ್ದು ಅಪ್ಪನ ಸರಕುದೋಣಿ,
ಮ್ಯೂಜ್ ನದಿಯಲ್ಲಿ ಕಲ್ಲಿದ್ದಲು ಹೊತ್ತು
ನಡಿಗೆಗಿಂತ ತುಸುವೇ ಜೋರಾಗಿ ಸಾಗುತ್ತಿದ್ದದ್ದು;
ಅದರ ಹಿಂಭಾಗದಲ್ಲಿ ಕೂತು
ಆಲೂಗಡ್ಡೆ ಸುಲಿಯುವುದು.
"ಅಷ್ಟೇನಾ?"
"ಅಷ್ಟೇ. ಸಿಪ್ಪೆ ತುಂಡಾಗಬಾರದು, ಅದೇ ಆಟ."

ಸಿಪ್ಪೆಯಿಂದಲೇ ಶುರುಮಾಡಿದೆ.
ಅವಳ ಉಸಿರಿಗೆ ನನ್ನ ಮಾತನ್ನು ಕಟ್ಟಿ
ದೋಣಿಯಷ್ಟೇ ನಿಧಾನ ಎಳೆದೆ.
ಬಕೆಟ್ಟಿನ ನೀರು ತಣ್ಣಗಿದೆ,
ಹಲಗೆಯ ಕೆಳಗೆ ಎಂಜಿನ್ನು ಗೊಣಗುತ್ತಿದೆ,
ನಿಮ್ಮ ಕೈಯಲ್ಲೊಂದು ಸಣ್ಣ ಚಾಕು...
ಅಯ್ಯೋ, ಆ ಪದ!
ಮಗ್ಗುಲಲ್ಲೇ ಸರ್ಜನ್ ಡೆಲ್ವೋ, ಅವನ ಕೈಯಲ್ಲೂ ಅದೇ.
ಎವೆ ಅಲುಗಲಿಲ್ಲ ಅವಳದು.
ಮೊದಲ ಗೀರು ಬಿತ್ತು.

ಇದು ನಿದ್ದೆಯಲ್ಲ. ಮಾಟವಂತೂ ಅಲ್ಲವೇ ಅಲ್ಲ.
ನೋವು ಬರುವುದೇನೂ ನಿಲ್ಲುವುದಿಲ್ಲ,
ನರದ ಅಂಚೆಯಾಳು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ
ಮಿದುಳಿನ ನಡುಮನೆಯಲ್ಲಿ ನಿಂತು ಕೂಗುತ್ತಾನೆ.
ಆದರೆ ಹೌದು, ನನ್ನ ಹೆಸರಿಗೇ ಬಂದದ್ದು ಎಂದು
ಎದ್ದುಬಂದು ರುಜು ಹಾಕಬೇಕಾದವಳು
ಹಿತ್ತಲಲ್ಲಿ ಮಗ್ನಳಾಗಿದ್ದಾಳೆ. ಓಗೊಡುವವರಿಲ್ಲ.

ಹ್ಯುಯ್ ಕಡೆಯ ಮಠದಿಂದ ಒಮ್ಮೆ
ಒಬ್ಬ ಭಿಕ್ಷುಣಿ ಬಂದಿದ್ದಳು ನಮ್ಮ ಸ್ಕ್ಯಾನರಿಗೆ.
ಬೋಳುತಲೆ, ಮಂಡಿನೋವು, ಒಳ್ಳೆಯ ನಗು.
ಮಣಿಕಟ್ಟಿಗೆ ಬಿಸಿತಟ್ಟೆ ಇಟ್ಟೆವು.
ಅವಳು ಎಲ್ಲಿಗೂ ಹೋಗಲಿಲ್ಲ.
ಅಂಚೆಯಾಳನ್ನು ಒಳಗೆ ಕರೆದು, ಕೂರಿಸಿ,
ಪತ್ರವನ್ನು ಪೂರ್ತಿ ಓದಿ, ವಾಪಸು ಕೊಟ್ಟಳು.
"ಬಿಸಿ ಇತ್ತು," ಅಂದಳು ಹೊರಬಂದು,
"ಅಯ್ಯೋ ಎನ್ನುವುದು ಮಾತ್ರ ಎಲ್ಲಿದೆ ಅಂತ ಹುಡುಕುತ್ತಿದ್ದೆ."
ಸಿಕ್ಕಿತೇ?
ಉತ್ತರ ಕೊಡದೆ ಚಪ್ಪಲಿ ಹುಡುಕಿದಳು.

ನಲವತ್ತನೇ ನಿಮಿಷ. ಡೆಲ್ವೋ ತಲೆಯೆತ್ತಿದ:
"ಮಾತಾಡಿಸಿ. ದನಿಯ ನರ ಪಕ್ಕದಲ್ಲೇ ಇದೆ."
ಮದಾಮ್, ಏನಾದರೂ ಹೇಳಿ, ಅಂದೆ.
ಸಾಮಾನ್ಯವಾಗಿ ಹೆಸರು ಹೇಳುತ್ತಾರೆ, ಇಲ್ಲವೇ ಹತ್ತರವರೆಗೆ ಎಣಿಕೆ.
ತೆರೆದ ಗಂಟಲಿನಿಂದ ಇವಳು ಗದರಿದಳು:
"ಪಟಾಟ್! ಇಳಿ ಅಲ್ಲಿಂದ! ಜಲಬಾಗಿಲು ಬಂತು!"
ಒಂಬತ್ತು ವರ್ಷದ ಹುಡುಗಿಯ ದನಿ.
ಯಾವುದೋ ಕಾಲದ ನಾಯಿ
ದೋಣಿಯ ಅಂಚಿನಿಂದ ಜಿಗಿದದ್ದು
ನಮಗೆಲ್ಲ ಕೇಳಿಸಿದಂತಾಯಿತು.
ಇಕ್ಕಳ ಹಿಡಿದ ನರ್ಸ್ ತುಟಿ ಕಚ್ಚಿ ನಗು ನುಂಗಿದಳು.
"ದನಿ ಚೆನ್ನಾಗಿದೆ," ಅಂದ ಡೆಲ್ವೋ, ಬಗ್ಗಿ.
ಯಾರ ದನಿ ಎಂದು ಅವನು ಕೇಳಲಿಲ್ಲ.

ಮಧ್ಯಾಹ್ನ ಸೂಪು ಕುಡಿಯುತ್ತಾ ಗಿಸ್ಲೆನ್ ಹೇಳಿದಳು:
"ನೀವು ಚಾಕು ಅಂದದ್ದು ಕೇಳಿಸಿತು.
ಅಪ್ಪನದು ಅದು, ಕೊಂಬಿನ ಹಿಡಿ.
ಸಿಕ್ಕಿತಲ್ಲ ಅಂತ ಖುಷಿಯಾಯಿತು."

ರಾತ್ರಿ ಎರಡು ಗಂಟೆ. ನನ್ನ ದವಡೆಹಲ್ಲು ಮಿಡಿಯುತ್ತಿದೆ.
ಅದೇ ದನಿ, ಅದೇ ಮಾತು ನನಗೇ ಹೇಳಿಕೊಂಡೆ.
ತನ್ನ ಬೆನ್ನು ತನಗೆ ಕಾಣದು;
ಹೇಳುವವಳೂ ಕೇಳುವವಳೂ ಒಬ್ಬಳೇ ಆದರೆ
ದೋಣಿ ನಡೆಸುವವರು ಯಾರು?
ಎದ್ದು, ಅಡುಗೆಮನೆಯ ದೀಪ ಹಾಕಿ
ಒಂದು ಆಲೂಗಡ್ಡೆ ತೆಗೆದುಕೊಂಡೆ.

ಮೂರನೇ ಸುತ್ತಿಗೆ ಸಿಪ್ಪೆ ತುಂಡಾಯಿತು.
ಇನ್ನೊಂದು ತೆಗೆದುಕೊಂಡೆ.